ಬೇಜಾರೆಂಬ ಸಸ್ಪೆನ್ಸ್ ಅಕೌಂಟು

ಹೊರನಾಡಿನಲ್ಲಿರುವ ನಾವು ಊರು ನೆನಪಾದರೆ 'ಯಾಕೋ ಬೇಜಾರು' ಅಂತೀವಿ. ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಮನಸ್ಸು ನೋಯಿಸಿದರೂ ಬೇಜಾರು. ಬ್ಯಾಂಕಿನವರ ಮಾತಲ್ಲಿ ಹೇಳೋದಾದರೆ ಇದು ಸಸ್ಪೆನ್ಸ್ ಅಕೌಂಟು. ಯಾವ ಖಾತೆಗೆ ಸೇರಬೇಕೆಂದು ತಿಳಿಯದ ಬಾಬ್ತುಗಳನ್ನೆಲ್ಲ ಸದ್ಯಕ್ಕೆ ಅಲ್ಲಿ ಹಾಕಿಡುವುದು.

ಸ್ಪ್ಯಾನಿಷ್ ಭಾಷೆ ಈ ಲೆಕ್ಕವನ್ನು ಬಿಡಿಸಿ ಬರೆಯುತ್ತದೆ. ಸಾಮಾನ್ಯ ದುಃಖಕ್ಕೆ 'ತ್ರಿಸ್ತೆಸಾ', ಮನಸ್ಸು ಒಮ್ಮೆಲೇ ಕುಸಿದರೆ 'ಬಹೋನ್', ಉತ್ಸಾಹ ಬತ್ತಿದರೆ 'ದೆಸಾನಿಮೊ'. 'ಇರು' ಎನ್ನುವುದಕ್ಕೂ ಅಲ್ಲಿ ಎರಡು ಕ್ರಿಯಾಪದ: ಸ್ವಭಾವಕ್ಕೆ 'ಸೆರ್', ಈಗಿನ ಸ್ಥಿತಿಗೆ 'ಎಸ್ತಾರ್'. ಇವತ್ತು ಬೇಸರದಲ್ಲಿರುವವನು 'ಎಸ್ತಾರ್' ಬಳಸುತ್ತಾನೆ. ಇದು ಅವನ ಹುಟ್ಟುಗುಣವಲ್ಲ ಅನ್ನೋದು ವ್ಯಾಕರಣದಲ್ಲೇ ಬಂದುಬಿಟ್ಟಿತು, ನೋಡಿ.

ಊರಿನ ಹಂಬಲಕ್ಕಿರುವ ಎರಡು ಮಾತುಗಳು ಮಾತ್ರ ಅಕ್ಕಪಕ್ಕದ ಭಾಷೆಗಳಿಂದ ಬಂದವು. 'ಮೊರ್ರೀನ್ಯಾ' ಬಂದದ್ದು ವಾಯವ್ಯ ಸ್ಪೇನಿನ ಗಲೀಸಿಯಾದ ಕಡೆಯಿಂದ. ಜಾನುವಾರುಗಳ ಒಂದು ರೋಗಕ್ಕೂ ಅದೇ ಹೆಸರು. 'ಅನ್ಯೊರಾನ್ಸಾ' ಕತಲಾನ್ ಭಾಷೆಯದು. ಅದರ ಲ್ಯಾಟಿನ್ ಮೂಲಕ್ಕೆ 'ಅರಿಯದಿರು' ಎಂದರ್ಥ. ದೂರ ಹೋದವರು ಏನಾದರೋ ಗೊತ್ತಿಲ್ಲ ಎನ್ನುವ ಸಂಕಟವೇ ಹಂಬಲವಾಗಿದೆ.

ಈ ಸಂಕಟ ಹೊರಟುಹೋದವನದೋ, ಮನೆಯಲ್ಲಿ ಉಳಿದವರದೋ? ಗಲೀಸಿಯಾದ ಕವಯಿತ್ರಿ ರೊಸಾಲಿಯಾ ದೆ ಕಾಸ್ತ್ರೊ 1880ರಲ್ಲೇ ಇದನ್ನು ಎತ್ತಿಕೊಂಡರು. ಅಲ್ಲಿಯ ಗಂಡಸರು ಹೊಟ್ಟೆಪಾಡಿಗೆ ಕ್ಯೂಬಾ, ಅರ್ಜೆಂಟೀನಾ ಅಂತ ಹಡಗು ಹತ್ತುತ್ತಿದ್ದ ಕಾಲ. ಗಲೀಸಿಯನ್ ಭಾಷೆಯ 'ಫೊಲ್ಯಾಸ್ ನೊವಾಸ್' ಸಂಕಲನದ ಒಂದು ಭಾಗದ ಹೆಸರಲ್ಲೇ ಅವರು ಸತ್ತವರ ವಿಧವೆಯರ ಜೊತೆಗೆ 'ಬದುಕಿರುವವರ ವಿಧವೆಯರು' ಎಂದು ಸೇರಿಸಿದರು. ಗಂಡ ಇದ್ದಾನೆ, ಆದರೆ ಮನೆಯಲ್ಲಿಲ್ಲ. ಆ ಹೆಂಗಸರಿಗೂ ಒಂದು ಹೆಸರು ಸಿಕ್ಕಿತು.

ನಮ್ಮ ಹೊರನಾಡ ಬರವಣಿಗೆಯ ಮೇಲೆ ನನ್ನ ಆಕ್ಷೇಪ ಇರೋದು ಇಲ್ಲೇ. ಮುಂಬಯಿಯ ಖೋಲಿ, ಲೋಕಲ್ ರೈಲು, ಊರಿನ ಮಳೆ, ಎಲ್ಲವೂ ಹೊರಟುಬಂದವರ ಕಣ್ಣಿಂದಲೇ ಬರುತ್ತವೆ. ಊರಲ್ಲಿ ಉಳಿದ ಅಮ್ಮ, ಅಕ್ಕ, ಹೆಂಡತಿ ನಮ್ಮ ನೆನಪಿನ ಚಿತ್ರಕ್ಕೆ ಹಿನ್ನೆಲೆ ಮಾತ್ರ. ಬಾಗಿಲಲ್ಲಿ ನಿಂತು ಕೈಬೀಸಿದರೆ ಅವರ ಪಾತ್ರ ಮುಗಿಯಿತು.

ಕನ್ನಡಕ್ಕೇನೂ ಪದಗಳ ಬಡತನವಿಲ್ಲ. ಕೊರಗು, ಹಳಹಳಿ, ಹಂಬಲ, ಮಂಕು, ಒಂದೊಂದರ ತೂಕವೂ ಬೇರೆ. ಮನಿಯಾರ್ಡರು ಬಂದ ದಿನವೂ ಸರಿಯಾಗಿ ಉಣ್ಣದೆ ಮಲಗಿದವಳಿಗೆ ಇದ್ದದ್ದು ಇವುಗಳಲ್ಲಿ ಯಾವುದು? ನಮ್ಮ ಬೇಜಾರಿನ ಬಗ್ಗೆ ಇನ್ನೊಂದು ಪ್ರಬಂಧ ಬರೆಯುವ ಮೊದಲು ಅದನ್ನು ಕೇಳಿ ಬರೆದುಕೊಳ್ಳಬೇಕು. ಕೇಳಿದರೆ ಹೇಳುವವರು ಊರುಗಳಲ್ಲಿ ಇನ್ನೂ ಕೆಲವರಾದರೂ ಇದ್ದಾರೆ.