ತಾರಸಿಯಿಂದ ತಾರಸಿಗೆ: ತ್ರಿಶಾ ಬ್ರೌನ್ ಅವರ ‘ರೂಫ್ ಪೀಸ್’

ತ್ರಿಶಾ ಬ್ರೌನ್ 1971ರಲ್ಲಿ ನ್ಯೂಯಾರ್ಕಿನ ಸೋಹೊ ಪ್ರದೇಶದ ತಾರಸಿಗಳ ಮೇಲೆ ಸಂಯೋಜಿಸಿದ ‘ರೂಫ್ ಪೀಸ್’ ನೃತ್ಯವನ್ನು ಒಂದೇ ಜಾಗದಿಂದ ಇಡಿಯಾಗಿ ನೋಡಲು ಸಾಧ್ಯವಿರಲಿಲ್ಲ. ಮೊದಲ ತಾರಸಿಯ ನರ್ತಕಿ ಆಶುವಾಗಿ ರೂಪಿಸಿದ ಚಲನೆಯನ್ನು ಎರಡನೆಯವರು ಕಂಡಷ್ಟು ಅನುಕರಿಸಿ ಮೂರನೆಯವರಿಗೆ ದಾಟಿಸಬೇಕು. 15 ನಿಮಿಷ ಒಂದು ದಿಕ್ಕಿಗೆ, ಮತ್ತೆ 15 ನಿಮಿಷ ಹಿಮ್ಮುಖವಾಗಿ.

ಇದನ್ನು ಚಲನೆಯ ಸವಕಳಿಯ ಪ್ರಯೋಗವೆಂದು ಓದುವುದು ಸುಲಭ. ಆದರೆ ಸವಕಳಿ ಎನ್ನಬೇಕಾದರೆ ಮೊದಲನ್ನೂ ಕೊನೆಯನ್ನೂ ಒಟ್ಟಿಗೆ ಕಂಡ ಕಣ್ಣೊಂದು ಬೇಕು. ಆ ಕಣ್ಣನ್ನು ಬ್ರೌನ್ ಯಾರಿಗೂ ಕೊಟ್ಟಿಲ್ಲ. ನಡುವಿನ ನರ್ತಕಿಗೆ ಎದುರಿನ ತಾರಸಿಯಲ್ಲಿ ಓರೆಯಾಗಿ ಕಂಡ ತೋಳೇ ಮೂಲಪಾಠ (ಅನುವಾದದಿಂದ ಅನುವಾದಿಸುವವರು ಬಲ್ಲ ಸ್ಥಿತಿ ಇದು). ಅವರೆಲ್ಲ ಸಮಾನವಾಗಿ ಹಂಚಿಕೊಂಡದ್ದು ಎದುರಿನವರಿಂದ ಕಣ್ಣು ಕೀಳಬಾರದೆಂಬ ಕಟ್ಟುಪಾಡನ್ನು ಮಾತ್ರ.

ವಿಪರ್ಯಾಸವೆಂದರೆ, ಕೃತಿಯ ಖ್ಯಾತಿ ಬಹುಮಟ್ಟಿಗೆ ನಿಂತಿರುವುದು ಬ್ಯಾಬೆಟ್ ಮಂಗೋಲ್ಟ್ 1973ರಲ್ಲಿ ತೆಗೆದ ಕಪ್ಪುಬಿಳುಪು ಛಾಯಾಚಿತ್ರದ ಮೇಲೆ. ನೀರಿನ ತೊಟ್ಟಿಗಳ ನಡುವೆ ಹಲವು ನರ್ತಕರನ್ನು ಒಂದೇ ಚೌಕಟ್ಟಿಗೆ ತಂದ ಆ ಚಿತ್ರ, ಸುಂದರವೇ ಸರಿ, ಅವರೆಲ್ಲ ಒಂದೇ ಕ್ಷಣವನ್ನು ಬದುಕುತ್ತಿದ್ದರೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಚಲನೆಯೊಂದು ತಾರಸಿಯಿಂದ ತಾರಸಿಗೆ ತಲುಪಲು ತಗಲುವ ವಿಳಂಬವನ್ನೇ ಅದು ಅಳಿಸಿಬಿಡುತ್ತದೆ. 2011ರಲ್ಲಿ ಹೈ ಲೈನ್ ಉದ್ಯಾನದ ಸುತ್ತ ಕೃತಿ ಮರುಪ್ರದರ್ಶನ ಕಂಡಾಗ ಆ ವಿಳಂಬ ಮರಳಿತು: ಪ್ರೇಕ್ಷಕರು ಒಬ್ಬ ನರ್ತಕಿಯನ್ನು ಹಿಂಬಾಲಿಸಲು ಹೋಗಿ ಇನ್ನೊಬ್ಬಳನ್ನು ಬಿಟ್ಟುಕೊಡಬೇಕಾಯಿತು.