ಏಳು ಪೋರ್ಟು, ಎರಡು ಆಂಪಿಯರು

ಯುಎಸ್‌ಬಿ ಹಬ್ ಕೊಳ್ಳಲು ಹೋದವರು ಮೊದಲು ಎಣಿಸುವುದು ಪೋರ್ಟುಗಳನ್ನು. ನಾನು ಮೊದಲು ನೋಡುವುದು ಅಡಾಪ್ಟರಿನ ಬೆನ್ನನ್ನು. ಅಲ್ಲಿ ಸಣ್ಣಕ್ಷರದಲ್ಲಿ ‘5 ವೋಲ್ಟ್, 2 ಆಂಪಿಯರ್’ ಅಂತಿದ್ದರೆ, ಡಬ್ಬದ ಮೇಲೆ ಏಳು ಪೋರ್ಟ್ ಎಂದು ಎಷ್ಟು ದಪ್ಪಗೆ ಅಚ್ಚು ಹಾಕಿದ್ದರೂ ನನ್ನ ಲೆಕ್ಕಕ್ಕೆ ಅದು ಎರಡೇ ಪೋರ್ಟಿನದು. ಯುಎಸ್‌ಬಿ 3.0ರಲ್ಲಿ ಒಂದು ಪೋರ್ಟಿಗೆ 900 ಮಿಲಿಆಂಪಿಯರ್, ಏಳಕ್ಕೆ 6.3 ಆಂಪಿಯರ್ ಬೇಕು. ಎಲ್ಲಿಂದ ತರುತ್ತದೆ?

ಅಡಾಪ್ಟರೇ ಇಲ್ಲದ ಹಬ್ಬಿನ ಪಾಡು ಇನ್ನೂ ಕಷ್ಟ. ಯುಎಸ್‌ಬಿ 2.0ರಲ್ಲಿ ಕಂಪ್ಯೂಟರಿನಿಂದ ಸಿಗುವುದೇ 500. ಅದರಲ್ಲಿ 100 ತನಗಿಟ್ಟುಕೊಂಡು ಉಳಿದದ್ದನ್ನು ನಾಲ್ಕು ಪೋರ್ಟಿಗೆ ತಲಾ ನೂರರಂತೆ ಹಂಚುತ್ತದೆ. ಮೌಸು, ಕೀಬೋರ್ಡಿಗೆ ಸಾಕು. ಅದರ ಬಾಲಕ್ಕೆ ಅಂಥದೇ ಇನ್ನೊಂದನ್ನು ಸಿಕ್ಕಿಸಿದರೆ ಸಿಕ್ಕ ನೂರು ಅದರ ಹೊಟ್ಟೆಗೇ ಸರಿ, ಮುಂದಿನವರಿಗೆ ಸೊನ್ನೆ. ನಿಯಮ ಇದನ್ನು ಒಪ್ಪುವುದಿಲ್ಲ. ಆದರೂ ಎಷ್ಟೋ ಸಲ ನಡೆದುಬಿಡುತ್ತದೆ. ಅಗ್ಗದ ಹಬ್ಬುಗಳು ಕರೆಂಟಿಗೆ ಕಡಿವಾಣ ಹಾಕುವ ಗೋಜಿಗೇ ಹೋಗಿರುವುದಿಲ್ಲ.

ಬಣ್ಣ ಬಯಲಾಗುವುದು ಪೋರ್ಟಬಲ್ ಹಾರ್ಡ್‌ಡಿಸ್ಕ್ ಸಿಕ್ಕಿಸಿದಾಗ. ಒಳಗಿನ ತಟ್ಟೆ ತಿರುಗಲು ಹೊರಡುವ ಗಳಿಗೆಯಲ್ಲಿ ಅದರ ಹಸಿವು ಜೋರು. ಕಿವಿಗೊಟ್ಟು ಕೇಳಿ: ಗುಂಯ್ ಎಂದು ಏಳುತ್ತದೆ, ಟಿಕ್ ಎಂದು ಕೂರುತ್ತದೆ, ಮತ್ತೆ ಏಳಲು ನೋಡುತ್ತದೆ. ಡಿಸ್ಕ್ ಹೋಯಿತೆಂದು ಗಾಬರಿಬಿದ್ದು ರಿಪೇರಿ ಅಂಗಡಿಗೆ ಓಡುವ ಮುಂಚೆ ನೇರ ಕಂಪ್ಯೂಟರಿಗೇ ಸಿಕ್ಕಿಸಿ ನೋಡಿ. ಕೇಬಲ್ ಉದ್ದವೂ ತೆಳುವೂ ಆಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಇಳಿದಿರುತ್ತದೆ, ಅದನ್ನೂ ಬದಲಿಸಿ.

ಒಂದರ ಹಿಂದೊಂದು ಎಷ್ಟು ಹಬ್ ಪೋಣಿಸಬಹುದು? ಐದು. ಒಟ್ಟು ಸಾಧನಗಳು, ಹಬ್ಬುಗಳೂ ಸೇರಿ, 127. (ಈ 127ನ್ನು ಮುಟ್ಟಿದವರನ್ನು ನಾನಂತೂ ಕಂಡಿಲ್ಲ.) ಐದರ ಲೆಕ್ಕದಲ್ಲೊಂದು ಮೋಸವಿದೆ. ಏಳು ಪೋರ್ಟಿನ ಹಬ್ ಬಿಚ್ಚಿದರೆ ಎಷ್ಟೋ ಬಾರಿ ಒಳಗೆ ಕಾಣುವುದು ನಾಲ್ಕು ಪೋರ್ಟಿನ ಎರಡು ಚಿಪ್‌ಗಳು. ಮೊದಲನೆಯದರ ಒಂದು ಪೋರ್ಟನ್ನು ಎರಡನೆಯದು ನುಂಗಿರುತ್ತದೆ. ಅಂದರೆ ಒಂದೇ ಡಬ್ಬ, ಎರಡು ಹಬ್. ಮಾನಿಟರಿನೊಳಗೂ ಒಂದು ಅಡಗಿರಬಹುದು.

ನನ್ನ ಮೇಜಿನ ಕ್ರಮ ಹೀಗೆ: ಅಡಾಪ್ಟರಿಲ್ಲದ ಎರಡು ಹಬ್ ಅಕ್ಕಪಕ್ಕ ಬರಕೂಡದು, ನಡುವೆ ಅಡಾಪ್ಟರ್ ಇರುವುದೊಂದು ಇರಬೇಕು. ಅಡಾಪ್ಟರಿನ ಹಬ್ ತಂದ ದಿನ ಇನ್ನೊಂದು ಪರೀಕ್ಷೆಯೂ ಉಂಟು. ಪವರ್ ಕೊಡದ ಹಳೆಯ ರಾಸ್ಪ್‌ಬೆರಿ ಪೈ ಒಂದಕ್ಕೆ ಅದನ್ನು ಸಿಕ್ಕಿಸುತ್ತೇನೆ. ಪೈನ ಕೆಂಪು ದೀಪ ತಾನಾಗಿ ಹತ್ತಿಕೊಂಡರೆ ಅಡಾಪ್ಟರಿನ ಕರೆಂಟ್ ಹಿಮ್ಮುಖವಾಗಿ ಕಂಪ್ಯೂಟರಿನತ್ತ ಹರಿಯುತ್ತಿದೆ ಎಂದರ್ಥ. ಬಿಲ್ ಸಮೇತ ಅಂಗಡಿಗೆ ವಾಪಸ್.