ಮೆಕ್‌ಕ್ಯಾರಿಸನ್ನರ ತಕ್ಕಡಿಯಲ್ಲಿ ಕನ್ನಡಿಗರ ಊಟ

ಭಾರತದಲ್ಲಿ ನಡೆದ ಆಹಾರಸಂಶೋಧನೆಯ ಚರಿತ್ರೆಯನ್ನು ಬರೆಯುವವರು ಸರ್ ರಾಬರ್ಟ್ ಮೆಕ್‌ಕ್ಯಾರಿಸನ್ನರ ಇಲಿಗಳನ್ನು ಸ್ಮರಿಸದೆ ಮುಂದುವರಿಯುವುದಿಲ್ಲ. ನೀಲಗಿರಿಯ ಕೂನೂರಿನಲ್ಲಿ 1920ರ ದಶಕದಲ್ಲಿ ಅವರು ಒಂದೇ ತಳಿಯ ಎಳೆಯ ಇಲಿಗಳನ್ನು ಏಳು ಗುಂಪುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಈ ದೇಶದ ಒಂದೊಂದು ಜನವರ್ಗದ ಆಹಾರವನ್ನು ಉಣಿಸಿ, ಕಡೆಗೆ ಅವನ್ನು ತೂಗಿದರು. ಸಿಖ್ಖರ ಆಹಾರವನ್ನುಂಡವುಗಳ ಸರಾಸರಿ ತೂಕ 235 ಗ್ರಾಂ, ಪಠಾಣರದು 230, ಮರಾಠರದು 225, ಗೂರ್ಖರದು 200, ಕನ್ನಡಿಗರದು 185, ಬಂಗಾಳಿಗಳದು 180, ಮದರಾಸಿಗಳದು 155. ನಮ್ಮವರಿಗೆ ದೊರೆತುದು ಐದನೆಯ ಸ್ಥಾನ.

ಈ ಪ್ರಯೋಗದ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳತಕ್ಕದ್ದು ನ್ಯಾಯ. ಕೆಲವು ಕುಲಗಳು ಹುಟ್ಟಿನಿಂದಲೇ ಶೂರಕುಲಗಳು, ಉಳಿದವು ಅಲ್ಲ ಎಂಬ ಭಾವನೆ ಆಗಿನ ಸೈನ್ಯಾಧಿಕಾರಿಗಳಲ್ಲಿ ಬೇರೂರಿದ್ದ ಕಾಲ ಅದು. ಒಂದೇ ರಕ್ತದ ಇಲಿಗಳು ಊಟದ ಭೇದದಿಂದಲೇ ಪುಷ್ಟವೂ ಕೃಶವೂ ಆದುವೆಂದು ತೋರಿಸಿದುದು ಆ ಭಾವನೆಯ ಬುಡಕ್ಕೆ ಕೊಡಲಿಯನ್ನಿಟ್ಟಂತಾಯಿತು. ಆದರೆ ಕೊಡಲಿಯನ್ನೆತ್ತಿದವರೇ ಮರದ ಕೊಂಬೆಗಳನ್ನು ಹಾಗೆಯೇ ಉಳಿಸಿಕೊಂಡರು. ಪಟ್ಟಿಯ ಮೊದಲ ನಾಲ್ಕು ಹೆಸರುಗಳೂ ಸೈನ್ಯದ ಭರತಿಯಲ್ಲಿ ಪ್ರಾಶಸ್ತ್ಯ ಪಡೆದವರವೇ ಆಗಿವೆ. ಜನಾಂಗವನ್ನು ಕಾರಣದ ಸ್ಥಾನದಿಂದ ಇಳಿಸಿದ ಶಾಸ್ತ್ರಜ್ಞರು ಅದನ್ನು ವರ್ಗೀಕರಣದ ಸ್ಥಾನದಲ್ಲಿ ಕೂರಿಸಿದರೆಂಬುದೇ ನಮ್ಮ ಆಕ್ಷೇಪಣೆ.

ಆ ದಶಕದಲ್ಲಿ ಕನ್ನಡಿಗನೆಂದರೆ ಯಾರು? ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಆಧಿಪತ್ಯಗಳು, ನಿಜಾಮರ ರಾಜ್ಯ, ಕೊಡಗು—ಹೀಗೆ ನಾಡು ಹರಿದು ಹಂಚಿಹೋಗಿದ್ದಿತು; ಒಂದುಗೂಡಿದ್ದು 1956ರಲ್ಲಿ. ಧಾರವಾಡದವನು ಜೋಳದ ರೊಟ್ಟಿಯನ್ನೂ, ಹಾಸನದವನು ರಾಗಿಯ ಮುದ್ದೆಯನ್ನೂ, ಮಂಗಳೂರಿನವನು ಕುಸುಬಲಕ್ಕಿಯ ಗಂಜಿಯನ್ನೂ ಉಣ್ಣುತ್ತಿದ್ದರು. ಬಳ್ಳಾರಿಯವನಂತೂ ಭಾಷೆಯಿಂದ ಕನ್ನಡಿಗ, ಆಡಳಿತದಿಂದ ಮದರಾಸಿ. ಅವನನ್ನು 185ರಲ್ಲಿ ಸೇರಿಸಬೇಕೋ 155ರಲ್ಲಿಯೋ ಎಂಬುದನ್ನು ತಕ್ಕಡಿ ಹೇಳಲಾರದು.

ಪ್ರಾಂತಭೇದವನ್ನು ಬದಿಗಿಟ್ಟು ಒಂದೇ ಗ್ರಾಮವನ್ನು ಹಿಡಿದರೂ ತೊಡಕು ಬಿಡುವುದಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕಿರುವ ಜಿನನಾಥಪುರವನ್ನು ತೆಗೆದುಕೊಳ್ಳೋಣ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು 12ನೆಯ ಶತಮಾನದ ಆದಿಭಾಗದಲ್ಲಿ ನೆಲೆಗೊಳಿಸಿದ ಊರಿದು. 1200ರ ಸುಮಾರಿಗೆ ರೇಚಣನು ಕಟ್ಟಿಸಿದ ಶಾಂತಿನಾಥ ಬಸದಿಯ ಹೊರಭಿತ್ತಿಯ ಶಿಲ್ಪವನ್ನು ಕಾಣಲೆಂದೇ ಇಲ್ಲಿಗೆ ಬರುವವರುಂಟು. ಬಂದವರು ಊರಿನ ಊಟವನ್ನು ವಿಚಾರಿಸುವುದು ವಿರಳ.

ಹೊಯ್ಸಳರ ಕಾಲದ ದತ್ತಿಶಾಸನಗಳನ್ನು ಓದಿದವರಿಗೆ ಗದ್ದೆ, ಬೆದ್ದಲು ಎಂಬೆರಡು ಮಾತುಗಳು ಚಿರಪರಿಚಿತ. ಕೆರೆಯ ಕೆಳಗಣ ಗದ್ದೆಯಲ್ಲಿ ನೆಲ್ಲು. ಮಳೆಯನ್ನೇ ನಂಬಿದ ಬೆದ್ದಲಿನಲ್ಲಿ ರಾಗಿ, ಹುರುಳಿ, ಅವರೆ. ದೇವರ ಪೂಜೆಗೂ ಋಷಿಗಳ ಆಹಾರದಾನಕ್ಕೂ ಬಿಟ್ಟ ಭೂಮಿಯನ್ನು ಶಾಸನವು ಎಲ್ಲೆಕಟ್ಟುಗಳ ಸಹಿತ ವಿವರಿಸುತ್ತದೆ. ಅದನ್ನು ಉತ್ತವನು ಏನನ್ನುಂಡನೆಂಬುದನ್ನು ಹೇಳುವುದಿಲ್ಲ. ಉಳ್ಳವರ ಅಕ್ಕಿಗೂ ಇಲ್ಲದವರ ರಾಗಿಗೂ ನಡುವಣ ಅಂತರವನ್ನು ತಿಳಿಯಲು ನಾವು ಶಾಸನವನ್ನು ಬಿಟ್ಟು ಕನಕದಾಸರ ‘ರಾಮಧಾನ್ಯಚರಿತ್ರೆ’ಗೆ ಬರಬೇಕಾಗುತ್ತದೆ. ಅಲ್ಲಿ ಆರು ತಿಂಗಳ ಸೆರೆಯನ್ನು ತಾಳಿ ಗೆಲ್ಲುವುದು ರಾಗಿಯೇ. ಕವಿಯ ತೀರ್ಪಿಗೆ ಈಗ ಪ್ರಯೋಗಶಾಲೆಯ ಬೆಂಬಲವೂ ಉಂಟು: ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 8 ಮಿಲಿಗ್ರಾಮಿಗೂ ಕಡಮೆ. ಗದ್ದೆಯವನ ಊಟವನ್ನೂ ಬೆದ್ದಲಿನವನ ಊಟವನ್ನೂ ಕೂಡಿಸಿ ಭಾಗಿಸಿ ‘ಕನ್ನಡಿಗರ ಆಹಾರ’ವೆಂದು ಕರೆದರೆ, ಆ ಊಟವನ್ನುಣ್ಣುವವರು ಊರಿನಲ್ಲಿ ಯಾರೂ ಸಿಕ್ಕಲಾರರು.

ಇದು ನೂರು ವರ್ಷದ ಹಿಂದಿನ ಮಾತೆಂದು ತಳ್ಳಿಹಾಕುವಂತಿಲ್ಲ. 1972ರಿಂದ 2015ರವರೆಗೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಪರಿಶೀಲನೆ ನಡೆಸಿದ ರಾಷ್ಟ್ರೀಯ ಪೋಷಣ ಪರಿವೀಕ್ಷಣ ಮಂಡಲಿಯವರು ಇಲಿಗಳನ್ನು ಬಿಟ್ಟು ಮನೆಗಳಿಗೇ ಹೋದರು. ಇದು ನಿಸ್ಸಂದೇಹವಾಗಿ ಮುನ್ನಡೆ. ಅವರು ಬಹುವಾಗಿ ಆಶ್ರಯಿಸಿದ ಕ್ರಮವೆಂದರೆ ಹಿಂದಿನ 24 ಗಂಟೆಗಳಲ್ಲಿ ಉಂಡುದನ್ನು ಕೇಳಿ ಬರೆದುಕೊಳ್ಳುವುದು. ಬೆಳಗೊಳದ ಸುತ್ತಣ ಆಚಾರವಂತ ಜೈನ ಶ್ರಾವಕರು ಸೂರ್ಯಾಸ್ತದ ಬಳಿಕ ಉಣ್ಣುವುದಿಲ್ಲ, ಗೆಡ್ಡೆಗೆಣಸುಗಳನ್ನು ವರ್ಜಿಸುತ್ತಾರೆ, ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವನ್ನೋ ಒಪ್ಪೊತ್ತನ್ನೋ ಹಿಡಿಯುತ್ತಾರೆ. ಚತುರ್ದಶಿಯ ಮರುದಿನ ಬಂದ ಪರಿಶೀಲಕನ ಪುಸ್ತಕದಲ್ಲಿ ಅಂತಹ ಮನೆ ಹಸಿದ ಮನೆಯಾಗಿಯೇ ಕಾಣುವುದು. ಮನೆಗಳು ಹಲವಾದರೆ, ದಿನಗಳು ಬೇರೆಬೇರೆಯಾದರೆ, ಸರಾಸರಿಯಲ್ಲಿ ಈ ದೋಷ ಕರಗಬಹುದು. ಒಂದು ಸಮುದಾಯವೆಲ್ಲ ಒಂದೇ ದಿನ ಉಪವಾಸವಿರುವಲ್ಲಿ ಸರಾಸರಿಯೇ ವಾಲುತ್ತದೆ. ಪರಿಶೀಲಕನ ಕೈಯಲ್ಲಿ ಪ್ರಶ್ನಾವಳಿಯೊಡನೆ ಪಂಚಾಂಗವೂ ಇರತಕ್ಕದ್ದೆಂದು ನಾವು ಹೇಳುವುದು ವಿನೋದಕ್ಕಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆಯುಂಟೆಂದು ತಿಳಿಸಿತು. ಹಳ್ಳಿಯ ಯಾವ ಮನೆಯ ಸ್ತ್ರೀಗೆ ಕೊರತೆ ವ್ರತದಿಂದ ಬಂದಿತು, ಯಾವಳಿಗೆ ಬಡತನದಿಂದ, ಯಾವಳಿಗೆ ಎಲ್ಲರೂ ಉಂಡ ಮೇಲೆ ಉಳಿದುದನ್ನುಣ್ಣುವ ವಾಡಿಕೆಯಿಂದ ಎಂಬುದನ್ನು ಬೇರ್ಪಡಿಸದೆ ಮದ್ದನ್ನು ಹಂಚುವುದು ಕುರುಡು ಕೆಲಸ.

ದೇಹಶ್ರಮದ ವಿಷಯದಲ್ಲಿಯೂ ಸ್ಥಿತಿ ಬೇರೆಯಲ್ಲ. ‘ವ್ಯಾಯಾಮ’ವೆಂಬುದು ನಮ್ಮ ಜನರ ಕಿವಿಗೆ ಗರಡಿಮನೆಯ ಮಾತು. ದಿನವೂ ಹುಲ್ಲಿನ ಹೊರೆಯನ್ನು ಹೊತ್ತು, ಕಳೆ ಕಿತ್ತು, ನೀರು ತರುವ ಹೆಂಗಸನ್ನು ‘ನೀವು ವ್ಯಾಯಾಮ ಮಾಡುವಿರೋ?’ ಎಂದು ಕೇಳಿದರೆ ಆಕೆ ನಕ್ಕು ಇಲ್ಲವೆನ್ನುವಳು. ಆ ಉತ್ತರವನ್ನು ನಂಬಿದ ಸಂಶೋಧಕನು ಆಕೆಯನ್ನು ಆಲಸಿಗಳ ಸಾಲಿನಲ್ಲಿ ಬರೆಯುವನು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯು ದುಡಿಮೆಯ ಶ್ರಮ, ಹೋಗಿಬರುವ ನಡಿಗೆ, ಬಿಡುವಿನ ಆಟೋಟ—ಈ ಮೂರನ್ನೂ ಬೇರೆಬೇರೆಯಾಗಿ ಕೇಳುತ್ತದೆ. ಅದನ್ನು ಕನ್ನಡಕ್ಕೆ ತರುವವರು ‘ದುಡಿಮೆ’ಯ ಕೆಳಗೆ ಮನೆಗೆಲಸವನ್ನೂ ಹೊಲದ ಕೆಲಸವನ್ನೂ ಹೆಸರಿಸಿಯೇ ಕೇಳಬೇಕು, ಬೀಸುವುದು, ಕುಟ್ಟುವುದು ನಿಂತು ಹಿಟ್ಟಿನ ಗಿರಣಿ ಬಂದ ಮನೆಯಲ್ಲಿ ಆ ಬದಲಾವಣೆಯನ್ನೂ ಬರೆದುಕೊಳ್ಳಬೇಕು.